ಅರ್ಧ ಮುದ್ದೆ ಅಂದರೆ ಎಷ್ಟು?

ಮುದ್ದೆಯನ್ನು ಬಿಸಿಯಾಗಿರುವಾಗಲೇ ತೂಗಬೇಕು. ಆರುವ ತನಕ ಕಾದರೆ ನೀರು ಆವಿಯಾಗಿ ತೂಕ ಒಂದಿಷ್ಟು ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಉಣ್ಣುವವರು ನಮಗಾಗಿ ಕಾಯುವುದಿಲ್ಲ. ಹೊಲಕ್ಕೆ ಹೊರಟು ನಿಂತವರ ಕೈಯಿಂದ ತಟ್ಟೆ ಇಸಕೊಂಡು, ತಕ್ಕಡಿಯ ಮೇಲಿಟ್ಟು, ಅಂಕಿ ಅಲುಗಾಡುವುದು ನಿಂತ ಮೇಲೆ ಬರೆದುಕೊಂಡು, ತಟ್ಟೆ ವಾಪಸು ಕೊಡಬೇಕು. ಸಾರು ಬಡಿಸಿದ ಮೇಲೆ ಇನ್ನೊಮ್ಮೆ ತೂಗಬೇಕು. ಉಂಡೆದ್ದ ಮೇಲೆ ತಟ್ಟೆಯಂಚಿಗೆ ಸರಿಸಿಟ್ಟ ಮೆಣಸಿನಕಾಯಿ, ಕರಿಬೇವು, ನುಗ್ಗೆಕಾಯಿಯ ಸಿಪ್ಪೆ ಎಲ್ಲವನ್ನೂ ಮತ್ತೊಮ್ಮೆ ತೂಗಿ ಮೊದಲಿನ ತೂಕದಿಂದ ಕಳೆಯಬೇಕು.

ಜನ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ಅಳೆಯುವುದು ನನ್ನ ಕೆಲಸ. ಗೃಹವಿಜ್ಞಾನ ಓದಿ ಆಹಾರ ಸಮೀಕ್ಷೆಗಳ ತಂಡ ಸೇರಿದೆ. ಅಂದಿನಿಂದ ಹೆಗಲಚೀಲದಲ್ಲಿ ಒಂದು ತಕ್ಕಡಿ, ಒಂದರೊಳಗೊಂದು ಕೂರುವ ಸ್ಟೀಲ್ ಕಪ್ಪುಗಳ ಸೆಟ್ಟು, ಎರಡು ಚಮಚ, ಒಂದು ಕಟ್ಟು ನಮೂನೆ ಕಾಗದ ಹೊತ್ತು ಊರೂರು ತಿರುಗಿದ್ದೇನೆ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ನಮಗೆ ‘ಊಟ ಬರ್ಕೊಳ್ಳೋ ಮೇಡಮ್ಮು’ ಎಂದೇ ಹೆಸರು. ನನಗೆ ಆ ಹೆಸರು ಇಷ್ಟ.

ರಕ್ತದ ಸಕ್ಕರೆ ತಿಳಿಯಲು ಒಂದು ಹನಿ ರಕ್ತ ಸಾಕು. ಎತ್ತರ ಅಳೆಯಲು ಟೇಪು ಇದೆ, ಬಿ.ಪಿ. ನೋಡಲು ಪಟ್ಟಿ ಇದೆ. ಊಟ ಅಳೆಯಲು ಅಂಥ ಒಂದು ಸಲಕರಣೆ ಇವತ್ತಿಗೂ ಇಲ್ಲ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಬಸುರಿಯರ ಊಟದಲ್ಲಿ ಕಬ್ಬಿಣ ಸಾಲುತ್ತಿಲ್ಲ, ಮಕ್ಕಳಿಗೆ ಹಾಲು-ಮೊಟ್ಟೆ ಕಡಿಮೆಯಾಗಿದೆ ಎಂದೆಲ್ಲ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ಒಂದೊಂದು ಮಾತಿನ ಹಿಂದೆಯೂ ಯಾರೋ ಯಾರದೋ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ‘ನಿನ್ನೆ ಏನು ಉಂಡಿರಿ’ ಎಂದು ಕೇಳಿದ್ದು ಇರುತ್ತದೆ. ಕೇಳಿದ್ದು ಸರಿ ಇದ್ದರೆ ಮಾತೂ ಸರಿ. ಕೇಳುವಾಗಲೇ ಎಡವಿದರೆ ಆಮೇಲೆ ಯಾವ ಕಂಪ್ಯೂಟರೂ ಅದನ್ನು ತಿದ್ದಲಾರದು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನೂರು ವರ್ಷ ದಾಟಿದ ಚರಿತ್ರೆ ಇದೆ. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಪುಟ್ಟ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೆಕ್‌ಕ್ಯಾರಿಸನ್ ದೇಶದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಿ ನೋಡಿದವರು. ಅವರ ನಂತರ ಬಂದ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳಲ್ಲಿ ಯಾವುದರಲ್ಲಿ ಎಷ್ಟು ಸತ್ವವಿದೆ ಎಂಬ ಪಟ್ಟಿಯನ್ನು ಹೊರತಂದರು. ಆ ಪಟ್ಟಿಯ ವಂಶದ್ದೇ 1971ರ ಗೋಪಾಲನ್ ಮತ್ತು ಸಂಗಡಿಗರ ಪುಸ್ತಕ. ನಮ್ಮ ಕಾಲೇಜಿನಲ್ಲಿ ಅದರ ಹಾಳೆಗಳು ಅರಿಸಿನದ ಕೈ ತಾಗಿ ಹಳದಿಯಾಗಿದ್ದವು. 2017ರಲ್ಲಿ ಹೊಸ ಕೋಷ್ಟಕ ಬಂತು. ದೇಶವನ್ನು ಆರು ವಲಯಗಳಾಗಿ ಮಾಡಿ ಮಾದರಿ ತಂದು, 528 ಆಹಾರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಮಾಡಿದ್ದು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 320 ಕಿಲೋಕ್ಯಾಲರಿ ಎಂದು ನಾವು ಲೆಕ್ಕ ಹಾಕುವುದು ಅದನ್ನು ನೋಡಿಯೇ.

ಆದರೆ ಕೋಷ್ಟಕ ನೋಡುವುದು ಕೊನೆಯ ಕೆಲಸ. ಮೊದಲ ಕೆಲಸ ಭಾಷೆಯದು.

ನಾನು ಸಾಗರದ ಕಡೆಯವಳು. ಗಂಜಿ, ತಂಬುಳಿ, ಅನ್ನ ಉಂಡು ಬೆಳೆದವಳು. ನಮ್ಮಲ್ಲಿ ಹಿಟ್ಟು ಎಂದರೆ ಬೀಸಿ ತಂದ ಪುಡಿ, ಎಸರು ಎಂದರೆ ಅಕ್ಕಿ ಹಾಕುವ ಮೊದಲು ಕುದಿಯುವ ನೀರು. ಶಿರಾ ತಾಲ್ಲೂಕಿಗೆ ಮೊದಲ ಸಲ ಹೋದಾಗ ಎಲ್ಲ ಮನೆಯಲ್ಲೂ ‘ಹಿಟ್ಟು, ಎಸ್ರು ಉಂಡ್ವಿ’ ಎಂದರು. ನಾನು ‘ರಾಗಿ ಹಿಟ್ಟು, 400 ಗ್ರಾಂ’ ಎಂದು ಬರೆದುಕೊಂಡು ಬಂದೆ. ಅಲ್ಲಿ ಹಿಟ್ಟು ಎಂದರೆ ಮುದ್ದೆ, ಎಸ್ರು ಎಂದರೆ ಸಾರು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 400 ಗ್ರಾಂ ಮುದ್ದೆಯಲ್ಲಿ ಇರುವುದು ಹೆಚ್ಚುಕಡಿಮೆ 145 ಗ್ರಾಂ ಪುಡಿ, ಉಳಿದದ್ದು ನೀರು. 465 ಕಿಲೋಕ್ಯಾಲರಿ ಆಗಬೇಕಾದ ಕಡೆ ನನ್ನ ಕಾಗದದಲ್ಲಿ 1,280 ಆಗಿತ್ತು. ಒಂದೇ ಹೊತ್ತಿಗೆ! ಲೆಕ್ಕ ನೋಡಿದ ಹಿರಿಯ ಮೇಡಂ ನನ್ನನ್ನು ಬೈಯಲಿಲ್ಲ. ಹನ್ನೊಂದು ನಮೂನೆಗಳನ್ನು ಕೈಗಿಟ್ಟು, ಹನ್ನೊಂದು ಮನೆಗೂ ಮತ್ತೆ ಹೋಗಿ ಬಾ ಎಂದರು. ಹೋದೆ. ಆವತ್ತಿನಿಂದ ಯಾವುದೇ ಹೊಸ ಊರಿಗೆ ಹೋದರೂ ಮೊದಲ ದಿನ ನಮೂನೆ ತೆಗೆಯುವುದಿಲ್ಲ. ಒಂದು ಮನೆಯ ಜಗಲಿಯಲ್ಲಿ ಕೂತು ಅವರ ಅಡುಗೆಯ ಮಾತುಗಳನ್ನು ಬರೆದುಕೊಳ್ಳುತ್ತೇನೆ.

‘ಏನೂ ತಿಂದಿಲ್ಲ ಕಣವ್ವ’ ಎನ್ನುವುದಕ್ಕೂ ಅರ್ಥ ಬೇರೆಯೇ. ಮುದ್ದೆಯೋ ಅನ್ನವೋ ಹೊಟ್ಟೆಗೆ ಬಿದ್ದಿಲ್ಲ ಎಂದು ಅದರ ಅರ್ಥ. ಅಷ್ಟರೊಳಗೆ ಎರಡು ಲೋಟ ಟೀ, ನಾಲ್ಕು ಬಿಸ್ಕತ್ತು, ಒಂದು ಹಿಡಿ ಕಡ್ಲೆಪುರಿ, ಹೊಲದ ಬದುವಿನ ಸೀಬೆಹಣ್ಣು ಆಗಿರಬಹುದು. ಅವು ಊಟವಲ್ಲ, ಹಾಗಾಗಿ ತಿಂದ ಲೆಕ್ಕವೂ ಅಲ್ಲ. ಕೊಪ್ಪಳದ ಕಡೆ ಹೋದರೆ ‘ರೊಟ್ಟಿ ಉಂಡೀನ್ರಿ’ ಎಂದು ಮುಗಿಸುತ್ತಾರೆ. ರೊಟ್ಟಿಯ ಜೊತೆ ನೆಂಚಿಕೊಂಡ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು ಬಿಡಿಸಿ ಕೇಳಿದಾಗ ಮಾತ್ರ ಹೊರಬರುತ್ತವೆ. ಹಾಗೆ ಕೇಳದೆ ಬಂದರೆ ಒಂದು ಜಿಲ್ಲೆಯ ಜನರ ಎಣ್ಣೆ-ಪ್ರೋಟೀನಿನ ಲೆಕ್ಕದಲ್ಲಿ ಶೇಂಗಾ ಪೂರ್ತಿ ಮಾಯವಾಗಿಬಿಡುತ್ತದೆ.

ನಾವು ಹೆಚ್ಚಾಗಿ ಬಳಸುವ ವಿಧಾನಕ್ಕೆ ‘ಇಪ್ಪತ್ನಾಲ್ಕು ಗಂಟೆಯ ನೆನಪು’ ಎಂದು ಹೆಸರು. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಇವತ್ತು ಏಳುವವರೆಗೆ ಬಾಯಿಗೆ ಹೋದದ್ದೆಲ್ಲ ಬೇಕು. ಮೊದಲ ಸುತ್ತಿನಲ್ಲಿ ಅವರು ಹೇಳಿದ್ದನ್ನು ಮಧ್ಯೆ ಬಾಯಿ ಹಾಕದೆ ಬರೆದುಕೊಳ್ಳುತ್ತೇವೆ. ಎರಡನೇ ಸುತ್ತಿನಲ್ಲಿ ಮರೆತದ್ದನ್ನು ಹುಡುಕುತ್ತೇವೆ. ಪುಸ್ತಕಗಳಲ್ಲಿ ಗಂಟೆ ಹಿಡಿದು ಕೇಳಿ ಎಂದು ಬರೆದಿದೆ. ಹಳ್ಳಿಯ ಹೆಂಗಸಿನ ದಿನ ಗಂಟೆಯ ಮೇಲೆ ನಡೆಯುವುದಿಲ್ಲ, ಕೆಲಸದ ಮೇಲೆ ನಡೆಯುತ್ತದೆ. ಆದ್ದರಿಂದ ನಾನು ಕೆಲಸ ಹಿಡಿದೇ ಕೇಳುತ್ತೇನೆ: ಸಗಣಿ ಬಾಚಿ ಬಂದ ಮೇಲೆ ಏನಾದರೂ ಕುಡಿದಿರಾ? ಹಾಲು ಡೇರಿಗೆ ಹಾಕಿ ಬರುವಾಗ? ಕೂಲಿಗೆ ಹೋದ ಕಡೆ ಹನ್ನೊಂದು ಗಂಟೆಗೆ ಏನು ಕೊಟ್ಟರು? ಮಕ್ಕಳು ಸ್ಕೂಲಿಂದ ಬಂದಾಗ? ರಾತ್ರಿ ಪಾತ್ರೆ ತೊಳೆಯುವ ಮುಂಚೆ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದ ಮನೆ ಅಪರೂಪ. ದೇವಸ್ಥಾನದ ಪ್ರಸಾದ, ಹುಣಸೆಹಣ್ಣು, ಎಲೆ-ಅಡಿಕೆಯನ್ನೂ ಬಿಡುವುದಿಲ್ಲ. ಎಲೆಗೆ ಸವರುವ ಸುಣ್ಣ ಕ್ಯಾಲ್ಸಿಯಮ್ಮೇ. ಬಸುರಿಯರ ಹತ್ತಿರ ಬೇರೆ ಯಾರೂ ಇಲ್ಲದಾಗ ಮೆಲ್ಲಗೆ ಕೇಳುತ್ತೇನೆ: ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತದಾ? ತಲೆ ತಗ್ಗಿಸಿ ಹೂಂ ಎನ್ನುವವರು ಎಷ್ಟೋ ಜನ. ಮೈಯಲ್ಲಿ ಕಬ್ಬಿಣ ಇಳಿದಾಗ ಹಾಗೆ ಆಸೆಯಾಗುವುದುಂಟು.

ಕೇಳುವಾಗ ಮುಖ ನೆಟ್ಟಗಿರಬೇಕು. ‘ಅಷ್ಟೇನಾ?’ ಎಂದು ಬಾಯಿತಪ್ಪಿ ಬಂದರೆ ಸಾಕು, ಆ ಮನೆಯಲ್ಲಷ್ಟೇ ಅಲ್ಲ, ಬೀದಿಯುದ್ದಕ್ಕೂ ಮುಂದಿನ ಮನೆಗಳಲ್ಲಿ ತುಪ್ಪ ಹರಿಯತೊಡಗುತ್ತದೆ. ‘ಇಷ್ಟೊಂದಾ?’ ಎಂದರೆ ಅಲ್ಲಿಗೆ ಬಾಯಿ ಮುಚ್ಚುತ್ತದೆ. ಹೊಸದಾಗಿ ಸೇರುವ ಹುಡುಗಿಯರಿಗೆ ತಕ್ಕಡಿ ಹಿಡಿಯುವುದನ್ನು ಒಂದು ದಿನದಲ್ಲಿ ಕಲಿಸಬಹುದು. ಹುಬ್ಬು ಏರಿಸದೆ ಕೇಳುವುದನ್ನು ಕಲಿಸಲು ಮೂರು ವಾರ ಹಿಡಿಯುತ್ತದೆ.

ಇನ್ನು ಲೆಕ್ಕ. ಓದುಗರಿಗೆ ಇದು ಬೇಸರ ತರಬಹುದು, ಆದರೆ ಇದನ್ನು ಹೇಳದೆ ಉಳಿದದ್ದು ಅರ್ಥವಾಗದು. ಪ್ರಯೋಗಾಲಯದ ಕೋಷ್ಟಕದಲ್ಲಿ ಇರುವುದು ಹೆಚ್ಚಾಗಿ ಹಸಿ ಪದಾರ್ಥ. ಜನ ಉಣ್ಣುವುದು ಬೇಯಿಸಿದ್ದು. ಇವೆರಡರ ನಡುವೆ ಸೇತುವೆ ಕಟ್ಟಬೇಕು. ಶಿರಾ ಕಡೆಯ ಒಂದು ಮನೆಯ ಒಂದು ಬೆಳಗನ್ನೇ ತೆಗೆದುಕೊಳ್ಳಿ. ಆ ಮನೆಯ ಅಕ್ಕ ಡಬ್ಬದಿಂದ ತೆಗೆದ ರಾಗಿ ಪುಡಿ 640 ಗ್ರಾಂ. ತೊಳಸಿ, ಕೋಲಾಡಿಸಿ, ಉಂಡೆ ಕಟ್ಟಿದಾಗ ಒಟ್ಟು ಮುದ್ದೆ 1,760 ಗ್ರಾಂ. ಗಂಡನ ತಟ್ಟೆಯಲ್ಲಿ 420. ಮೈದುನನಿಗೆ 430, ಅತ್ತೆಗೆ 300, ದೊಡ್ಡ ಮಗನಿಗೆ 280, ಚಿಕ್ಕ ಮಗಳಿಗೆ 190. ಗಂಡ ಉಂಡ ಪುಡಿ ಎಷ್ಟು? 640ನ್ನು 1,760ರಿಂದ ಭಾಗಿಸಿ 420ರಿಂದ ಗುಣಿಸಿದರೆ 153 ಗ್ರಾಂ. ಅಂದರೆ ಆ ಒಂದು ಹೊತ್ತಿನಲ್ಲೇ ರಾಗಿಯಿಂದ 557 ಮಿಲಿಗ್ರಾಂ ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂದು ಹೇಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಬೆಳಗಿನಲ್ಲೇ ಸಿಕ್ಕಿತು. ಸಾರಿಗೂ ಹೀಗೆಯೇ: ಪಾತ್ರೆಗೆ ಬಿದ್ದ ಬೇಳೆ ಎಷ್ಟು, ಇಳಿಸಿದಾಗ ಸಾರು ಎಷ್ಟು ಕಪ್ಪು, ಯಾರ ತಟ್ಟೆಗೆ ಎಷ್ಟು ಸೌಟು. ಎಣ್ಣೆಯನ್ನು ಮಾತ್ರ ಸೌಟಿನಲ್ಲಿ ಕೇಳಿ ಪ್ರಯೋಜನವಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ ಎಂದು ಕೇಳಿ ಭಾಗಿಸಿದರೆ ಸತ್ಯಕ್ಕೆ ಹತ್ತಿರ ಬರುತ್ತದೆ.

ಈಗ ಆ ಅಕ್ಕನ ತಟ್ಟೆ. ಎಲ್ಲರದೂ ಆದ ಮೇಲೆ ತಪ್ಪಲೆಯಲ್ಲಿ ಉಳಿದದ್ದನ್ನು ಅವಳು ಒಂದು ಸಣ್ಣ ಉಂಡೆ ಮಾಡಿಕೊಂಡಳು. 140 ಗ್ರಾಂ. ಅದರಲ್ಲಿ ಪುಡಿ 51 ಗ್ರಾಂ, ಕ್ಯಾಲ್ಸಿಯಂ 185 ಮಿಲಿಗ್ರಾಂ. ಗಂಡನಿಗೆ ಸಿಕ್ಕಿದ್ದರಲ್ಲಿ ಮೂರರಲ್ಲೊಂದು ಪಾಲು. ಆಮೇಲೆ ತಳಕ್ಕೆ ಹತ್ತಿದ ಸೀಕನ್ನು ಕೆರೆದು ಬಾಯಿಗೆ ಹಾಕಿಕೊಂಡಳು. ನಮ್ಮ ನಮೂನೆಯಲ್ಲಿ ಸೀಕಿಗೆ ಅಂಕಣವಿಲ್ಲ. ಅಂಚಿನಲ್ಲಿ ಬರೆದೆ.

ವಾರದ ಹಿಂದೆ ಇದೇ ಅಕ್ಕನ ಹತ್ತಿರ ‘ನೆನಪು’ ಕೇಳಿದ್ದೆ. ‘ಅರ್ಧ ಮುದ್ದೆ ಉಂಡೆ’ ಎಂದಿದ್ದಳು. ಅವರ ಮನೆಯ ಮುದ್ದೆ 420 ಗ್ರಾಮಿನದು, ಹಾಗಾದರೆ ಅರ್ಧ ಎಂದರೆ 210 ಎಂದು ಬರೆದಿದ್ದೆ. ತೂಗಿದಾಗ 140. ಅವಳು ಸುಳ್ಳು ಹೇಳಿರಲಿಲ್ಲ. ಉಳಿದದ್ದಕ್ಕೆ ಅವಳ ಬಾಯಲ್ಲಿ ‘ಅರ್ಧ’ ಎಂದು ಹೆಸರು, ಅಷ್ಟೆ. ಅದೇ ಊರಿನ ಇನ್ನೊಂದು ಮನೆಯಲ್ಲಿ ಗಟ್ಟಿಮುಟ್ಟಾದ ಒಬ್ಬ ಅಜ್ಜಿ ‘ವಯಸ್ಸಾಯ್ತಲ್ಲ ತಾಯಿ, ಅರ್ಧ ಮುದ್ದೆ ಸೇರಿದ್ರೆ ಹೆಚ್ಚು’ ಎಂದರು. ತೂಗಿದರೆ 310 ಗ್ರಾಂ. ಹೆಂಗಸು ಪೂರ್ತಿ ಮುದ್ದೆ ಉಂಡೆ ಎನ್ನಬಾರದು ಎಂಬ ಸಂಕೋಚ ಆ ಅಜ್ಜಿಯದು. ಒಂದೇ ಮಾತು, ಒಂದೇ ಬೀದಿ, ಒಂದು ಕಡೆ 140, ಇನ್ನೊಂದು ಕಡೆ 310. ಈಗ ನಾನು ‘ಅರ್ಧ’ ಎಂದು ಬರೆಯುವುದೇ ಇಲ್ಲ. ಒಂದು ಒದ್ದೆ ಬಟ್ಟೆಯ ಉಂಡೆ ಕೈಗೆ ಕೊಟ್ಟು, ಇದರ ಸಮ ಇತ್ತಾ, ಚಿಕ್ಕದಾ, ದೊಡ್ಡದಾ ಎಂದು ತೋರಿಸಿ ಎನ್ನುತ್ತೇನೆ. ಕೈಗೆ ನೆನಪಿರುವಷ್ಟು ಬಾಯಿಗೆ ಇರುವುದಿಲ್ಲ.

ಮನೆಯ ಒಟ್ಟು ಖರೀದಿಯನ್ನು ತಲೆಗಳ ಸಂಖ್ಯೆಯಿಂದ ಭಾಗಿಸುವ ಸಮೀಕ್ಷೆಗಳೂ ಇವೆ. ಕೇಂದ್ರ ಸರ್ಕಾರ ನಡೆಸುವ ಕುಟುಂಬ ವೆಚ್ಚದ ಸಮೀಕ್ಷೆ ಆ ಬಗೆಯದು. ಬಡತನ ಅಳೆಯಲು, ಬೆಲೆ ತಿಳಿಯಲು ಅದು ಬೇಕೇ ಬೇಕು. ಆದರೆ 640 ಗ್ರಾಂ ಪುಡಿಯನ್ನು ಆರು ಜನರಿಗೆ ಸಮನಾಗಿ ಹಂಚಿದರೆ ತಲೆಗೆ 107 ಗ್ರಾಂ ಬರುತ್ತದೆ. ಆ ಅಕ್ಕನ ಪಾಲು ಆ ಲೆಕ್ಕದಲ್ಲಿ ಎರಡು ಪಟ್ಟಾಗುತ್ತದೆ, ಅವಳ ಹಸಿವು ಕಾಣದಂತಾಗುತ್ತದೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದಕ್ಕೆ ಹಲವು ಕಾರಣಗಳುಂಟು. ಆದರೆ ತಟ್ಟೆ ತಟ್ಟೆಯನ್ನೂ ಬೇರೆಬೇರೆಯಾಗಿ ತೂಗದೆ ಆ ಕಾರಣಗಳ ಮಾತನ್ನು ಆಡಲು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಸ್ಸಾರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಸೊಪ್ಪು-ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಬೆಂದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ನೀರಿನಲ್ಲಿ ಕರಗುವ ಸತ್ವವನ್ನು ಚೆಲ್ಲದೆ ಉಣ್ಣುವ ಇಂಥ ಅಡುಗೆಯನ್ನು ಕಂಡುಕೊಂಡ ಹೆಂಗಸರ ಬಗ್ಗೆ ನನಗೆ ಅಪಾರ ಗೌರವ. ಅಳೆಯುವವರಿಗೆ ಮಾತ್ರ ಇದು ಪರೀಕ್ಷೆ. ಒಂದೇ ಸೊಪ್ಪು ಎರಡು ಪಾತ್ರೆಗೆ ಹಂಚಿಹೋಗಿದೆ. ಪಲ್ಯವನ್ನಷ್ಟೇ ಬರೆದರೆ ಕಟ್ಟಿಗೆ ಇಳಿದದ್ದು ತಪ್ಪುತ್ತದೆ, ಎರಡನ್ನೂ ಪೂರ್ತಿ ಸೊಪ್ಪೆಂದು ಬರೆದರೆ ಎರಡು ಸಲ ಎಣಿಸಿದಂತಾಗುತ್ತದೆ. ಮೇಲಾಗಿ ಪಲ್ಯ ಒಬ್ಬರ ತಟ್ಟೆಗೆ ಹೆಚ್ಚು ಬೀಳುತ್ತದೆ, ಬರೀ ಸಾರು ಇನ್ನೊಬ್ಬರ ತಟ್ಟೆಗೆ.

ಮಳೆ ಬಿದ್ದ ಮೇಲೆ ಹೊಲದಿಂದ ತರುವ ಬೆರಕೆ ಸೊಪ್ಪು ಇನ್ನೂ ಕಠಿಣ. ಒಬ್ಬ ಅಜ್ಜಿ ತನ್ನ ಮಡಿಲಿನದನ್ನು ಮೊರಕ್ಕೆ ಸುರಿದು, ಅಣ್ಣೆಸೊಪ್ಪು, ಗಣಿಕೆ, ಹೊನಗೊನೆ, ಗೋಣಿಸೊಪ್ಪು, ಕೀರೆ ಎಂದು ಒಂದೊಂದನ್ನೇ ಬೇರೆ ಮಾಡಿ ತೋರಿಸಿದರು. ಹನ್ನೆರಡು ಗುಂಪು ಆದವು. ಅದರಲ್ಲಿ ನಾಲ್ಕಕ್ಕೆ ನಮ್ಮ ಸಂಕೇತ ಪುಸ್ತಕದಲ್ಲಿ ಸಂಖ್ಯೆ ಇತ್ತು. ಉಳಿದ ಎಂಟನ್ನು ‘ಇತರೆ ಸೊಪ್ಪು’ ಎಂದು ಒಂದೇ ಸಾಲಿಗೆ ತುಂಬಿದೆ. ಆ ಸಾಲು ಬರೆಯುವಾಗ ಆದ ಸಂಕಟ ಈಗಲೂ ನೆನಪಿದೆ. ಕಬ್ಬಿಣ, ಕ್ಯಾರೊಟಿನ್ ಹುಡುಕಿಕೊಂಡು ಹೋದವರು ಅದರ ರಾಶಿಯ ಮೇಲೆಯೇ ‘ಇತರೆ’ ಎಂಬ ಚೀಟಿ ಅಂಟಿಸಿ ಬಂದಂತಾಗಿತ್ತು.

ಒಂದು ದಿನದ ಊಟ ಒಬ್ಬರ ಬದುಕಿನ ಊಟವಲ್ಲ ಎನ್ನುವುದು ಇನ್ನೊಂದು ತೊಡಕು. ನಿನ್ನೆ ನುಗ್ಗೆಸೊಪ್ಪು ಉಂಡವರ ಲೆಕ್ಕದಲ್ಲಿ ವಿಟಮಿನ್ ಎ ಆಕಾಶಕ್ಕೆ ಏರಿರುತ್ತದೆ, ಮೊನ್ನೆ ಬರೀ ಉಪ್ಪು-ಖಾರದಲ್ಲಿ ಉಂಡಾಗ ಸೊನ್ನೆಯ ಹತ್ತಿರ ಇತ್ತು. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ 29 ಜನ ಇಡೀ ಒಂದು ವರ್ಷ, ಪ್ರತಿದಿನ ತಾವು ತಿಂದದ್ದನ್ನೆಲ್ಲ ಬರೆದಿಟ್ಟರು. ಆ ಲೆಕ್ಕವನ್ನು ಜಾಲಾಡಿ 1987ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಒಬ್ಬ ವ್ಯಕ್ತಿ ಸರಾಸರಿ ತಿನ್ನುವ ಕ್ಯಾಲರಿಯನ್ನು ನೆಚ್ಚಿಕೆಯಿಂದ ಹೇಳಲು ಸುಮಾರು 31 ದಿನದ ದಾಖಲೆ ಬೇಕು, ವಿಟಮಿನ್ ಎ ಆದರೆ 433 ದಿನದ್ದು! ಯಾರ ಮನೆಯಲ್ಲಿ ತಾನೇ 433 ದಿನ ತಕ್ಕಡಿ ಹಿಡಿದು ಕೂರಲಾದೀತು? ಆದ್ದರಿಂದ ಒಂದೆರಡು ದಿನದ ನೆನಪನ್ನು ಸಾವಿರಾರು ಜನರಿಂದ ಪಡೆದು ಒಂದು ಸೀಮೆಯ ಸರಾಸರಿ ಹೇಳಬಹುದೇ ಹೊರತು, ‘ನಿಮಗೆ ಈ ಸತ್ವ ಸಾಲದು’ ಎಂದು ಒಬ್ಬರ ಮುಖ ನೋಡಿ ಹೇಳಲಾಗದು. ಒಂದು ದಿನದ ಊಟ ಕೇಳಿ ಅಲ್ಲಿಯೇ ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅದಕ್ಕೆಂದೇ ಇನ್ನೊಂದು ಬಗೆಯ ಪ್ರಶ್ನಾವಳಿ ಇದೆ: ಕಳೆದ ವರ್ಷದಲ್ಲಿ ಇದನ್ನು ದಿನಕ್ಕೆಷ್ಟು ಸಲ, ವಾರಕ್ಕೆಷ್ಟು ಸಲ, ತಿಂಗಳಿಗೆಷ್ಟು ಸಲ ತಿಂದಿರಿ? ಹೃದ್ರೋಗ, ಸಕ್ಕರೆ ಕಾಯಿಲೆಯಂಥ ವರ್ಷಾನುಗಟ್ಟಲೆಯ ಅಧ್ಯಯನಗಳಲ್ಲಿ ಇದೇ ಹೆಚ್ಚು ಬಳಕೆಯಲ್ಲಿರುವುದು. ನೂರಕ್ಕೂ ಹೆಚ್ಚು ಸಾಲಿನ ಪಟ್ಟಿ ಹಿಡಿದು ಕೇಳುವಾಗ ಜನ ದಣಿಯುತ್ತಾರೆ. ಅವರೆಕಾಯಿ ವಾರಕ್ಕೆ ಎಷ್ಟು ಸಲ ಎಂದು ಕೋಲಾರದ ಕಡೆ ಕೇಳಿದರೆ ನಗುತ್ತಾರೆ. ಸೊಗಡಿನ ಕಾಲದಲ್ಲಿ ದಿನಾ, ಬೆಳಗ್ಗೆ ಉಪ್ಪಿಟ್ಟಿಗೆ, ಮಧ್ಯಾಹ್ನ ಸಾರಿಗೆ, ರಾತ್ರಿ ಹಿದುಕಿದ ಬೇಳೆ. ಆಮೇಲೆ ಎಂಟೊಂಬತ್ತು ತಿಂಗಳು ಮುಖ ನೋಡುವುದಿಲ್ಲ. ಶ್ರಾವಣದಲ್ಲಿ ಮಾಂಸ ಮುಟ್ಟದವರು, ಸೋಮವಾರ-ಶನಿವಾರ ಬಿಡುವವರು, ಹಬ್ಬ ಮುಗಿದ ಮಾರನೆಯ ದಿನ ವರ್ಷತೊಡಕು ಮಾಡುವವರು, ಇವರ ವರ್ಷವನ್ನು ಹನ್ನೆರಡರಿಂದ ಭಾಗಿಸುವುದು ಸುಲಭವಲ್ಲ.

ಜನ ತಪ್ಪು ಹೇಳಲು ಬೇರೆ ಕಾರಣಗಳೂ ಉಂಟು. ‘ನೀವು ಬರ್ತೀರಂತ ಕೋಳಿ ಕುಯ್ದಿದೀವಿ’ ಎಂದು ಪ್ರೀತಿಯಿಂದ ಕರೆಯುವ ಮನೆಯಲ್ಲಿ ಆವತ್ತಿನ ತೂಕ ಬರೆದು ಏನುಪಯೋಗ? ಇನ್ನು ಕೆಲವರಿಗೆ ಭಯ. ಚೆನ್ನಾಗಿ ಉಣ್ಣುತ್ತೇವೆ ಎಂದರೆ ರೇಷನ್ ಕಾರ್ಡು ಹೋದೀತು ಎಂದು ಹಾಲು, ಮೊಟ್ಟೆ, ಬಾಳೆಹಣ್ಣು ಮುಚ್ಚಿಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಕಾಗದ ಹಿಡಿದು ಬಂದವರೆಲ್ಲ ಏನೋ ಕಿತ್ತುಕೊಂಡೇ ಹೋಗಿದ್ದನ್ನು ಕಂಡವರು ಅವರು. ನಗರದ ಓದಿದವರ ಮನೆಗಳಲ್ಲಿ ಮತ್ತೊಂದು ಬಗೆ. ಸಿಹಿ, ಕರಿದದ್ದು, ಕುಡಿತ ಎಲ್ಲ ಕಡಿಮೆಯಾಗಿ, ಸಲಾಡು ಹೆಚ್ಚಾಗಿ ಕಾಣಿಸುತ್ತದೆ.

ಎಷ್ಟು ತಪ್ಪು ಹೇಳುತ್ತಾರೆ ಎಂದು ತಿಳಿಯಲು ಮೈಯನ್ನೇ ಕೇಳುವ ದಾರಿಗಳಿವೆ. ಉಪ್ಪನ್ನು ಯಾರೂ ನೆನಪಿಟ್ಟು ಹೇಳಲಾರರು. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿಂಡಿ, ಎಲ್ಲದರಲ್ಲೂ ಅದು ಅಡಗಿದೆ. ಆದರೆ ತಿಂದ ಸೋಡಿಯಮ್ಮಿನ ಶೇಕಡಾ 90ರಷ್ಟು ಮೂತ್ರದಲ್ಲಿ ಹೊರಬರುತ್ತದೆ. ಹಾಗಾಗಿ ಐದು ಲೀಟರ್ ಕ್ಯಾನು ಕೊಟ್ಟು, ಬೆಳಗಿನ ಮೊದಲ ಮೂತ್ರ ಬಿಟ್ಟು ಮರುದಿನದ ಮೊದಲ ಮೂತ್ರದವರೆಗೆ ಒಂದು ಹನಿಯೂ ಬಿಡದೆ ಹಿಡಿಯಿರಿ ಎನ್ನುತ್ತೇವೆ. ಬರೆಯುವಾಗ ಎಷ್ಟು ಸುಲಭ! ಬಯಲಿಗೆ ಹೋಗುವ ಹೆಣ್ಣುಮಗಳು ಆ ಕ್ಯಾನನ್ನು ಎಲ್ಲಿ ಬಚ್ಚಿಡಬೇಕು, ಕೂಲಿಗೆ ಹೋದ ಕಡೆ ಏನು ಮಾಡಬೇಕು? ಕಪ್ಪು ಬಟ್ಟೆಯ ಚೀಲ ಹೊಲಿಸಿ ಅದರೊಳಗಿಟ್ಟು ಕೊಡತೊಡಗಿದ ಮೇಲೆ ನಮಗೆ ಕ್ಯಾನುಗಳು ತುಂಬಿ ಬರತೊಡಗಿದವು. ಮೂತ್ರದ ಸಾರಜನಕ ಅಳೆದರೆ ತಿಂದ ಪ್ರೋಟೀನಿನ ಅಂದಾಜೂ ಸಿಗುತ್ತದೆ.

ಕ್ಯಾಲರಿಗೆ ಇರುವ ದಾರಿ ಇನ್ನೂ ಸೊಗಸು. ಸಾಮಾನ್ಯ ನೀರಿಗಿಂತ ಭಾರವಾದ ಹೈಡ್ರೋಜನ್, ಭಾರವಾದ ಆಕ್ಸಿಜನ್ ಇರುವ ನೀರನ್ನು ಒಂದು ಸಲ ಕುಡಿಸುತ್ತಾರೆ. ಅದರಿಂದ ಅಪಾಯವಿಲ್ಲ. ಭಾರದ ಹೈಡ್ರೋಜನ್ ಬೆವರು, ಮೂತ್ರದ ನೀರಿನ ಜೊತೆ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್ನು ನೀರಿನ ಜೊತೆಗೂ ಹೋಗುತ್ತದೆ, ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡಿನ ಜೊತೆಗೂ ಹೋಗುತ್ತದೆ. ಎರಡೂ ಮೂತ್ರದಲ್ಲಿ ಕಡಿಮೆಯಾಗುತ್ತ ಬರುವ ವೇಗವನ್ನು ಹತ್ತು-ಹದಿನೈದು ದಿನ ನೋಡಿ, ವ್ಯತ್ಯಾಸ ತೆಗೆದರೆ ಮೈ ಎಷ್ಟು ಶಕ್ತಿ ಖರ್ಚು ಮಾಡಿತು ಎಂದು ತಿಳಿಯುತ್ತದೆ. ತೂಕ ಏರದೆ ಇಳಿಯದೆ ಇದ್ದರೆ ಖರ್ಚಾದಷ್ಟೇ ಉಂಡಿದ್ದಾರೆ ಎಂದು ಅರ್ಥ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರ ಕುರ್ಪಾಡ್ ಮತ್ತು ಅವರ ಸಂಗಡಿಗರು ಇಂಥ ಸ್ಥಿರ ಐಸೋಟೋಪುಗಳನ್ನು ಬಳಸಿ ನಮ್ಮ ಜನರ ಪೋಷಣೆಯ ಬಗ್ಗೆ ದಶಕಗಳ ಕೆಲಸ ಮಾಡಿದ್ದಾರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ 484 ಜನರಿಗೆ ಈ ನೀರು ಕುಡಿಸಿ ನೋಡಿದ, 2003ರಲ್ಲಿ ಪ್ರಕಟವಾದ ‘ಓಪನ್’ ಅಧ್ಯಯನ ಪ್ರಶ್ನೆ ಕೇಳುವವರೆಲ್ಲರ ಕಣ್ಣು ತೆರೆಸಿತು. ಇಪ್ಪತ್ನಾಲ್ಕು ಗಂಟೆಯ ನೆನಪಿನಲ್ಲಿ ಗಂಡಸರು ನಿಜಕ್ಕಿಂತ ಶೇಕಡಾ 12ರಿಂದ 14, ಹೆಂಗಸರು 16ರಿಂದ 20ರಷ್ಟು ಕಡಿಮೆ ಹೇಳಿದ್ದರು. ವರ್ಷದ ಪ್ರಶ್ನಾವಳಿಯಲ್ಲಂತೂ ಮೂರರಲ್ಲೊಂದು ಭಾಗವೇ ಕಾಣೆಯಾಗಿತ್ತು.

ಕೂದಲೂ ಊಟದ ಕಥೆ ಹೇಳುತ್ತದೆ. ರಾಗಿ, ಜೋಳ, ಕಬ್ಬು ಇಂಗಾಲವನ್ನು ಹಿಡಿದಿಡುವ ರೀತಿ ಬೇರೆ, ಭತ್ತ-ಗೋಧಿಯ ರೀತಿ ಬೇರೆ. ಆ ವ್ಯತ್ಯಾಸ ಉಂಡವರ ಮೈಯೊಳಗೂ ಉಳಿಯುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಒಂದು ಉದ್ದ ಜಡೆಯ ಎಳೆಯಲ್ಲಿ ಬುಡದಿಂದ ತುದಿಗೆ ತಿಂಗಳು ತಿಂಗಳಿನ ಗುರುತಿರುತ್ತದೆ. ಜೋಳದ ಸೀಮೆಯಿಂದ ಅಕ್ಕಿಯ ಊರಿಗೆ ಮದುವೆಯಾಗಿ ಬಂದವಳ ಜಡೆಯಲ್ಲಿ ಅವಳ ತವರಿನ ರೊಟ್ಟಿ ತುದಿಯಲ್ಲಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಾಗೆಂದು ಕೂದಲು ಎಲ್ಲ ಹೇಳುವುದಿಲ್ಲ. ಸಕ್ಕರೆಯೂ ಕಬ್ಬಿನದೇ ಆದ್ದರಿಂದ ಗುರುತು ಕಲಬೆರಕೆಯಾಗುತ್ತದೆ. ಮೂತ್ರ, ಉಸಿರು, ಕೂದಲು ಯಾವುದೂ ಯಾರು ಮೊದಲು ಉಂಡರು, ಯಾರು ಕೊನೆಗೆ ಉಂಡರು ಎಂದು ಹೇಳುವುದಿಲ್ಲ.

ಈಗ ತಟ್ಟೆಯ ಫೋಟೊ ತೆಗೆದರೆ ಕ್ಯಾಲರಿ ಹೇಳುವ ಮೊಬೈಲ್ ತಂತ್ರಾಂಶಗಳು ಬಂದಿವೆ. ಇಡ್ಲಿ ಎಣಿಸಲು ಅವು ಸಾಕು. ಸಾರಿನಲ್ಲಿ ಮುಳುಗಿದ ಮುದ್ದೆಯ ಗಾತ್ರ, ಹುಳಿಯ ತಳದಲ್ಲಿರುವ ಬೇಳೆ, ಒಂದೇ ತಟ್ಟೆಯಲ್ಲಿ ಉಣ್ಣುವ ತಾಯಿ-ಮಗು, ಇವು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಯಂತ್ರ ಬೇಡ ಎನ್ನುವವಳಲ್ಲ ನಾನು. ಆದರೆ ಯಂತ್ರಕ್ಕೆ ಕಲಿಸಲೂ ಯಾರಾದರೂ ಮೊದಲು ತೂಗಬೇಕಷ್ಟೆ. 1972ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆಳಗೆ ಶುರುವಾದ ರಾಷ್ಟ್ರೀಯ ಪೋಷಣಾ ಉಸ್ತುವಾರಿ ಘಟಕ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ನಾಲ್ಕು ದಶಕ ಹೀಗೆ ತೂಗಿತು, ಕೇಳಿತು, ಬರೆಯಿತು. 2015ರಲ್ಲಿ ಅದನ್ನು ಮುಚ್ಚಿದರು. ಮುಚ್ಚಿದ್ದು ತಪ್ಪು. ನಲವತ್ತು ವರ್ಷದ ಒಂದೇ ಅಳತೆಗೋಲು ಕೈಯಲ್ಲಿದ್ದಾಗ ಅಜ್ಜಿಯ ತಟ್ಟೆಯನ್ನು ಮೊಮ್ಮಗಳ ತಟ್ಟೆಯ ಪಕ್ಕದಲ್ಲಿಟ್ಟು ನೋಡಬಹುದಿತ್ತು. ಹಳ್ಳಿಗಳಲ್ಲಿ ರಾಗಿಯ ಜಾಗಕ್ಕೆ ರೇಷನ್ ಅಕ್ಕಿ ಬಂದ ಹೊತ್ತಿನಲ್ಲೇ ಆ ಗೋಲನ್ನು ಕೆಳಗಿಟ್ಟುಬಿಟ್ಟೆವು.

ಶಿರಾ ಕಡೆಯ ಆ ಮನೆಗೆ ಮೂರನೇ ಸಲ ಹೋದದ್ದು ಮಳೆಗಾಲ ಕಳೆದ ಮೇಲೆ. ಋತು ಬದಲಾದಾಗ ಮತ್ತೆ ತೂಗುವುದು ನಮ್ಮ ಕ್ರಮ. ಬೆಳಗ್ಗೆ ಆರೂವರೆಗೆ ಹೊಸ್ತಿಲು ದಾಟಿದಾಗ ಅಕ್ಕ ಕೋಲಾಡಿಸುತ್ತಿದ್ದಳು. ಪುಡಿಯನ್ನು ತಾನೇ ಅಳೆದು, ನನ್ನ ಕಪ್ಪಿನಷ್ಟೇ ಇರುವ ಒಂದು ಲೋಟ ಹುಡುಕಿಟ್ಟುಕೊಂಡಿದ್ದಳು. ನಾನು ತಕ್ಕಡಿ ಸಮ ಮಾಡುವುದರೊಳಗೆ ಮೊದಲ ಉಂಡೆ ಕಟ್ಟಿ ತಟ್ಟೆಗೆ ಹಾಕಿದಳು. ಗಂಡ ಕೈ ತೊಳೆದು ಬಂದು ಕೂತಿದ್ದ. ಅವಳು ತಟ್ಟೆಯನ್ನು ಅವನ ಮುಂದೆ ಇಡಲಿಲ್ಲ. ನನ್ನ ಕಡೆ ಸರಿಸಿದಳು.

‘ಇದು ನಂದು ಮೇಡಮ್ಮು. ಆಮೇಲೆ ಅಂದ್ರೆ ಉಳಿಯಾಕಿಲ್ಲ. ಮೊದ್ಲು ಇದ ತೂಗ್ಬಿಡಿ.’

ಅತ್ತೆ ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ನನ್ನ ತಕ್ಕಡಿ ನೋಡಿದರು, ಏನೂ ಅನ್ನಲಿಲ್ಲ. ನಿಯಮದ ಪ್ರಕಾರ ಆ ದಿನದ ಅಳತೆಯ ಪಕ್ಕದಲ್ಲಿ ನಾನು ಒಂದು ಗುರುತು ಹಾಕಬೇಕು: ಅಳೆಯುವವರು ಇದ್ದುದರಿಂದ ಊಟದ ಕ್ರಮ ಬದಲಾಗಿದೆ, ಮಾಮೂಲಿ ದಿನವೆಂದು ಪರಿಗಣಿಸಬಾರದು. ಗುರುತು ಹಾಕಿದೆ. ತಟ್ಟೆಯನ್ನು ತಕ್ಕಡಿಯ ಮೇಲಿಟ್ಟೆ. 260 ಗ್ರಾಂ. ತಟ್ಟೆಯ ಅಂಚು ಕೈ ಸುಡುವಷ್ಟು ಬಿಸಿಯಾಗಿತ್ತು.